ಬಹುಕಾಲದ ನೋವಿನ ಚಿಕಿತ್ಸೆಯಲ್ಲಿ ದಂಪತಿಗಳ ಪಾತ್ರ

ಹೊಲಗದ್ದೆಗಳಲ್ಲಿ ದುಡಿಯುವವರಿಗೆ ಮೈಕೈ ನೋವು ಹೊಸದಲ್ಲ. ನಾಟಿಯ ದಿನಗಳಲ್ಲಿ ಸೊಂಟ ಹಿಡಿಯುವುದು, ಹೊರೆ ಹೊತ್ತ ದಿನ ಕುತ್ತಿಗೆ ಬಿಗಿಯುವುದು ಎಲ್ಲ ಮನೆಗಳಲ್ಲಿಯೂ ಇರುವುದೇ. ಇಂತಹ ನೋವು ನಾಲ್ಕಾರು ದಿನ ಕಾಡಿ ತಾನಾಗಿಯೇ ಹೋಗುತ್ತದೆ. ಆದರೆ ಕೆಲವರಲ್ಲಿ ಅದು ಹೋಗುವುದಿಲ್ಲ. ಯುಗಾದಿಗೆ ಬಂದ ನೋವು ದೀಪಾವಳಿಯಾದರೂ ಮನೆ ಬಿಡುವುದಿಲ್ಲ. ಆಗ ಮನೆಯವರು ಮಾಡುವುದೇನು? ಮೊದಲು ಎಣ್ಣೆ ತಿಕ್ಕುತ್ತಾರೆ. ಅನಂತರ ಅಂಗಡಿಯಿಂದ ಮಾತ್ರೆ ತರುತ್ತಾರೆ. ಸಂತೆಯ ದಿನ ಒಂದು ಸೂಜಿ ಹಾಕಿಸಿಕೊಳ್ಳುತ್ತಾರೆ. ಕೊನೆಗೆ ಸಾಲ ಮಾಡಿ ಪಟ್ಟಣಕ್ಕೆ ಹೋಗಿ ಸ್ಕ್ಯಾನ್ ಮಾಡಿಸುತ್ತಾರೆ. ಹಣ ಹೋಗುತ್ತದೆ, ನೋವು ಉಳಿಯುತ್ತದೆ. ಎಷ್ಟೋ ವೇಳೆ ನೋವಿಗಿಂತ ಅದಕ್ಕೆ ನುಂಗಿದ ಔಷಧವೇ ಹೆಚ್ಚು ಹಾನಿ ಮಾಡಿರುತ್ತದೆ.

ಬಹುಕಾಲದ ನೋವನ್ನು ವೈದ್ಯರೊಬ್ಬರೇ ಗುಣಪಡಿಸಲಾರರು. ರೋಗಿಯೊಬ್ಬರೇ ಸಹಿಸಿಕೊಂಡು ಗೆಲ್ಲಲೂ ಆಗದು. ವೈದ್ಯರು, ರೋಗಿ ಮತ್ತು ರೋಗಿಯ ಬಾಳಸಂಗಾತಿ ಈ ಮೂವರೂ ಸೇರಿ ಮಾಡಬೇಕಾದ ಕೆಲಸವಿದು. ಇದರಲ್ಲಿ ನಿಮ್ಮ ಪಾಲಿನ ಕೆಲಸವೇನೆಂಬುದನ್ನು ಮುಂದೆ ವಿವರಿಸಲಾಗಿದೆ.

ನೋವು ಏಕೆ ನಿಲ್ಲುವುದಿಲ್ಲ?

ನೋವು ಶರೀರದ ಕಾವಲುಗಾರ. ಮುಳ್ಳು ಚುಚ್ಚಿದೊಡನೆ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುವುದು ನೋವಿನ ಎಚ್ಚರಿಕೆಯಿಂದಲೇ. ಗಾಯ ಮಾಯುತ್ತ ಬಂದಂತೆ ಈ ನೋವೂ ಅಡಗುತ್ತದೆ. ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿಯುವ, ಇಲ್ಲವೆ ಮರಳಿ ಮರಳಿ ಬರುವ ನೋವನ್ನು ವೈದ್ಯರು ಬಹುಕಾಲದ ನೋವೆಂದು ಕರೆಯುತ್ತಾರೆ.

ಕಳ್ಳ ಬಂದಾಗ ಬೊಗಳುವ ನಾಯಿ ಮನೆಗೆ ಬೇಕು. ಆದರೆ ಕೆಲವು ನಾಯಿಗಳು ಒಮ್ಮೆ ಕಳ್ಳನನ್ನು ಕಂಡ ಮೇಲೆ ಎಲೆ ಅಲುಗಿದರೂ ರಾತ್ರಿಯಿಡೀ ಬೊಗಳುತ್ತವೆ. ನಮ್ಮ ನರಮಂಡಲವೂ ಕೆಲವೊಮ್ಮೆ ಹೀಗೆಯೇ ಆಗುವುದುಂಟು. ಮೊದಲಿನ ಪೆಟ್ಟು ವಾಸಿಯಾಗಿದ್ದರೂ ನರಗಳು ಸಣ್ಣ ಒತ್ತಡಕ್ಕೂ ನೋವಿನ ಸಂದೇಶವನ್ನು ಕಳುಹಿಸುತ್ತಲೇ ಇರುತ್ತವೆ. ಇಂತಹ ನೋವು ನಟನೆಯಲ್ಲ, ಕಲ್ಪನೆಯೂ ಅಲ್ಲ. ಅನುಭವಿಸುವವರಿಗೆ ಅದು ನಿಜವಾದ ನೋವೇ. ಆದರೆ ಪ್ರತಿ ಸಲ ನೋವಾದಾಗಲೂ ಒಳಗೆ ಏನೋ ಮುರಿಯುತ್ತಿದೆ, ಹರಿಯುತ್ತಿದೆ ಎಂದು ಹೆದರಬೇಕಾಗಿಲ್ಲ.

ಎಲ್ಲ ಬಹುಕಾಲದ ನೋವೂ ಹೀಗೆಯೇ ಎಂದಲ್ಲ. ಮಂಡಿಯ ಸವೆತ, ಕೀಲುವಾತ, ಸಕ್ಕರೆ ಕಾಯಿಲೆಯಿಂದ ಬರುವ ಪಾದದ ಉರಿ, ಬೆನ್ನುಮೂಳೆಯ ಕ್ಷಯ ಮುಂತಾದವುಗಳಲ್ಲಿ ನೋವಿಗೆ ಸ್ಪಷ್ಟವಾದ ಕಾರಣವಿರುತ್ತದೆ. ಯಾವುದು ಯಾವ ಬಗೆಯ ನೋವೆಂದು ಬೇರ್ಪಡಿಸುವುದೇ ವೈದ್ಯರ ಮೊದಲ ಕೆಲಸ.

ವೈದ್ಯರ ಕಷ್ಟವೇನು?

ಜ್ವರವನ್ನು ಅಳೆಯಲು ಉಷ್ಣಮಾಪಕವಿದೆ. ರಕ್ತದೊತ್ತಡವನ್ನು ಅಳೆಯಲು ಯಂತ್ರವಿದೆ. ನೋವನ್ನು ಅಳೆಯುವ ಯಂತ್ರವಿಲ್ಲ. ಎಕ್ಸ್-ರೇ ಚಿತ್ರದಲ್ಲಿ ಮೂಳೆ ಕಾಣುವುದೇ ಹೊರತು ನೋವು ಕಾಣುವುದಿಲ್ಲ. ನಡುವಯಸ್ಸು ದಾಟಿದ ಅನೇಕರ ಬೆನ್ನುಮೂಳೆಯಲ್ಲಿ ಸವೆತ ಕಾಣುತ್ತದೆ; ಅವರಲ್ಲಿ ಎಷ್ಟೋ ಮಂದಿಗೆ ನೋವೇ ಇರುವುದಿಲ್ಲ. ಆದುದರಿಂದ ವೈದ್ಯರು ಎಕ್ಸ್-ರೇ ಬೇಡವೆಂದರೆ ಅದನ್ನು ಉದಾಸೀನವೆಂದು ತಿಳಿಯಬಾರದು.

ಬಯಲುಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವು ಸುಮಾರು 30,000 ಜನರಿಗೆ, ಗುಡ್ಡಗಾಡಿನಲ್ಲಿ ಸುಮಾರು 20,000 ಜನರಿಗೆ ಸೇವೆ ಒದಗಿಸಬೇಕೆಂಬುದು ಸರ್ಕಾರದ ನಿಯಮ. ಅಷ್ಟು ಜನರ ನಡುವೆ ನಿಮ್ಮ ಪಾಲಿಗೆ ದೊರೆಯುವ ವೇಳೆ ಕೆಲವೇ ನಿಮಿಷಗಳು. ಆ ಕೆಲವು ನಿಮಿಷಗಳಲ್ಲಿ "ಇವಳಿಗೆ ಸೊಂಟ ನೋವು ಡಾಕ್ಟ್ರೇ, ಒಂದು ಸೂಜಿ ಹಾಕಿ ಕಳಿಸಿ" ಎಂದಷ್ಟೇ ಪತಿ ಹೇಳಿ, ಪತ್ನಿ ತಲೆತಗ್ಗಿಸಿ ಕುಳಿತರೆ, ವೈದ್ಯರು ಕತ್ತಲಲ್ಲಿ ಕೈಯಾಡಿಸಿದಂತಾಗುತ್ತದೆ. ನೋವು ಯಾರದೋ ಅವರೇ ಮಾತನಾಡಬೇಕು. ಜೊತೆಗೆ ಬಂದವರು ಮರೆತುದನ್ನು ನೆನಪಿಸಬೇಕು.

ವೈದ್ಯರಿಗೆ ಹೇಳಬೇಕಾದ ಸಂಗತಿಗಳು

ಆರೋಗ್ಯ ಕೇಂದ್ರಕ್ಕೆ ಹೊರಡುವ ಹಿಂದಿನ ರಾತ್ರಿ ದಂಪತಿಗಳಿಬ್ಬರೂ ಕುಳಿತು ಈ ಕೆಳಗಿನವನ್ನು ನೆನಪಿಸಿಕೊಳ್ಳುವುದು ಒಳ್ಳೆಯದು:

1. ನೋವು ಯಾವಾಗ, ಹೇಗೆ ಆರಂಭವಾಯಿತು? ಬಿದ್ದಿದ್ದುಂಟೇ? ಹೆರಿಗೆಯ ನಂತರವೇ?

2. ಯಾವ ಕೆಲಸದಿಂದ ಹೆಚ್ಚುತ್ತದೆ, ಯಾವುದರಿಂದ ತಗ್ಗುತ್ತದೆ? ಬೆಳಗ್ಗೆ ಎದ್ದೊಡನೆ ಕೀಲುಗಳು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದಿರುತ್ತವೆಯೇ?

3. ನೋವಿನಿಂದ ಯಾವ ಕೆಲಸ ನಿಂತುಹೋಗಿದೆ? "ಬಹಳ ನೋವು" ಎಂಬುದಕ್ಕಿಂತ "ಬಾವಿಯಿಂದ ಒಂದು ಕೊಡ ನೀರು ತರಲಾರೆ" ಎಂಬ ಮಾತು ವೈದ್ಯರಿಗೆ ಹೆಚ್ಚು ತಿಳಿಸುತ್ತದೆ.

4. ರಾತ್ರಿ ನಿದ್ರೆ ಬರುತ್ತದೆಯೇ? ಮನಸ್ಸಿಗೆ ಕೊರಗು, ಚಿಂತೆ ಇದೆಯೇ?

5. ಇದುವರೆಗೆ ನುಂಗಿದ ಮಾತ್ರೆಗಳು, ಹಾಕಿಸಿಕೊಂಡ ಸೂಜಿಗಳು, ಸೇವಿಸಿದ ನಾಟಿ ಔಷಧಗಳು ಯಾವುವು? ಖಾಲಿ ಹಾಳೆಗಳನ್ನೂ ಪೊಟ್ಟಣಗಳನ್ನೂ ಬಿಸಾಡದೆ ತೆಗೆದುಕೊಂಡು ಹೋಗಿರಿ. ಬೇರೆಡೆ ಚಿಕಿತ್ಸೆ ಪಡೆದುದನ್ನು ಹೇಳಲು ಸಂಕೋಚ ಬೇಡ. ಮರೆಮಾಚಿದರೆ ಹಾನಿ ನಿಮಗೇ.

6. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದೆಯೇ? ಗರ್ಭಿಣಿಯೇ? ಮದ್ಯಪಾನದ ಅಭ್ಯಾಸವಿದೆಯೇ?

ಮನೆಯ ಸುತ್ತಮುತ್ತಲಿನ ಸಂಗತಿಗಳನ್ನೂ ಹೇಳಬೇಕು. ದನ, ಎಮ್ಮೆ, ಕುರಿ, ಮೇಕೆಗಳು ಕಂದು ಹಾಕಿದ್ದರೆ, ಅವುಗಳ ಕಸವನ್ನು ನೀವು ಬರಿಗೈಯಲ್ಲಿ ತೆಗೆದಿದ್ದರೆ, ಅಥವಾ ಹಸಿ ಹಾಲು ಕುಡಿಯುವ ರೂಢಿಯಿದ್ದರೆ ಅದನ್ನು ತಪ್ಪದೆ ತಿಳಿಸಿರಿ. ಬ್ರುಸೆಲ್ಲಾ ಎಂಬ ರೋಗಾಣು ಪಶುಗಳಿಂದ ಮನುಷ್ಯರಿಗೆ ಹರಡಿ, ಬಿಟ್ಟುಬಿಟ್ಟು ಬರುವ ಜ್ವರವನ್ನೂ ಬಹುಕಾಲದ ಬೆನ್ನು ಮತ್ತು ಕೀಲು ನೋವನ್ನೂ ಉಂಟುಮಾಡುತ್ತದೆ. ಈ ರೋಗಕ್ಕೆ ಔಷಧವಿದೆ. ಆದರೆ ವೈದ್ಯರಿಗೆ ಅದರ ಸುಳಿವು ಸಿಗಬೇಕು.

ಪಾವಗಡದಂತಹ ಬಯಲುಸೀಮೆಯ ತಾಲೂಕುಗಳಲ್ಲಿ ಆಳವಾದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಹಲ್ಲು ಕಂದುಗಟ್ಟುವುದು ಮಾತ್ರವಲ್ಲ, ಬೆನ್ನು ಮತ್ತು ಕೀಲುಗಳು ಬಿಗಿದು ನೋಯುವುದೂ ಉಂಟು. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರನ್ನೇ ಬದಲಾಯಿಸಬೇಕು, ಇಲ್ಲವೆ ಶುದ್ಧೀಕರಣ ಘಟಕದ ನೀರನ್ನು ಬಳಸಬೇಕು.

ಮನೆತನದಲ್ಲಿ ಇತರರಿಗೂ ಇದೇ ನೋವು ಇದ್ದರೆ ಅದನ್ನೂ ಹೇಳಿರಿ. 1970ರ ದಶಕದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡು ಗ್ರಾಮದಲ್ಲಿ ಸೊಂಟದ ಕೀಲುಗಳನ್ನು ಕೆಡಿಸಿ ನಡಿಗೆಯನ್ನೇ ಕಸಿದುಕೊಳ್ಳುವ ಕಾಯಿಲೆಯೊಂದು ಬೆಳಕಿಗೆ ಬಂದಿತು. ಮುಂದೆ ಅಧ್ಯಯನಗಳಿಂದ ಅದು ವಂಶಪಾರಂಪರ್ಯವಾಗಿ ಬರುವ ಕಾಯಿಲೆಯೆಂದು ತಿಳಿಯಿತು. ಮನೆತನದ ವಿವರಗಳಿಗೆ ಎಷ್ಟು ಬೆಲೆಯಿದೆಯೆಂಬುದಕ್ಕೆ ಇದು ನಿದರ್ಶನ.

ಅಂಗಡಿಯ ಮಾತ್ರೆ, ಸಂತೆಯ ಸೂಜಿ

ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳು ಒಳ್ಳೆಯ ಔಷಧಗಳೇ. ವೈದ್ಯರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ಸೇವಿಸಿದರೆ ಉಪಕಾರವಾಗುತ್ತದೆ. ಆದರೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ರಕ್ತದೊತ್ತಡ ಏರಬಹುದು, ಮೂತ್ರಪಿಂಡಗಳು ಕೆಡಬಹುದು. ಮೂತ್ರಪಿಂಡಗಳು ಬಹುಮಟ್ಟಿಗೆ ಕೆಡುವವರೆಗೆ ಹೊರಗೆ ಏನೂ ತೋರುವುದಿಲ್ಲ. ವಯಸ್ಸಾದವರು, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇವುಗಳನ್ನು ಮುಟ್ಟಬಾರದು. ಗರ್ಭಿಣಿಯರು, ಮುಖ್ಯವಾಗಿ ಐದು ತಿಂಗಳು ತುಂಬಿದ ಮೇಲೆ, ಇವನ್ನು ಸೇವಿಸಕೂಡದು. ಬೇರೆ ಬೇರೆ ಹೆಸರಿನ ಎರಡು ಮಾತ್ರೆಗಳಲ್ಲಿ ಒಂದೇ ಔಷಧವಿರುವುದೂ ಉಂಟು. ಎರಡನ್ನೂ ನುಂಗಿದರೆ ಹಾನಿ ಇಮ್ಮಡಿ.

ಇದಕ್ಕಿಂತಲೂ ಅಪಾಯಕರವಾದುದು ಸ್ಟೀರಾಯ್ಡ್. ಹೆಸರಿಲ್ಲದ ಪೊಟ್ಟಣದ ಮಾತ್ರೆ ಅಥವಾ ಪುಡಿಯಿಂದ ಒಂದೇ ದಿನದಲ್ಲಿ ನೋವೆಲ್ಲ ಮಾಯವಾಗಿ, ಹಸಿವೆ ಹೆಚ್ಚಿ, ಮುಖ ದುಂಡಗಾಗತೊಡಗಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿದೆಯೆಂದು ಅನುಮಾನಿಸಬೇಕು. ಬಹುಕಾಲ ಸೇವಿಸಿದರೆ ಮೂಳೆಗಳು ಟೊಳ್ಳಾಗುತ್ತವೆ, ಸಕ್ಕರೆ ಏರುತ್ತದೆ, ರೋಗಗಳನ್ನು ತಡೆಯುವ ಶಕ್ತಿ ಕುಂದುತ್ತದೆ. ಆದರೆ ಇಂತಹ ಔಷಧವನ್ನು ಹೆದರಿ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣವನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಕ್ರಮವಾಗಿ ಕಡಿಮೆ ಮಾಡಬೇಕು.

ಸೂಜಿಯಲ್ಲಿ ವಿಶೇಷ ಶಕ್ತಿಯಿದೆಯೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬೇರೂರಿದೆ. ಸೂಜಿಯೊಳಗಿನ ಔಷಧವೂ ಬಹುತೇಕ ಮಾತ್ರೆಯಲ್ಲಿರುವುದೇ. ಸ್ವಚ್ಛವಲ್ಲದ ಸೂಜಿಯಿಂದ ಕಾಮಾಲೆ, ಏಡ್ಸ್‌ನಂತಹ ರೋಗಗಳು ಹರಡಬಹುದು. ಸೂಜಿ ಹಾಕದ ವೈದ್ಯರು ವೈದ್ಯರೇ ಅಲ್ಲವೆಂಬ ಭಾವನೆಯನ್ನು ನಾವು ಬಿಡಬೇಕು. ನಾವು ಒತ್ತಾಯಿಸುವುದರಿಂದಲೇ ಅನೇಕ ಅನಗತ್ಯ ಸೂಜಿಗಳು ನಮ್ಮ ಮೈಯನ್ನು ಸೇರುತ್ತವೆ.

ಗೃಹಿಣಿಯರ ಬೆನ್ನುನೋವು

"ಆಪರೇಷನ್ ಆದಾಗಿನಿಂದ ಸೊಂಟ ನೋವು" ಎಂಬ ಮಾತನ್ನು ಆರೋಗ್ಯ ಕಾರ್ಯಕರ್ತೆಯರು ಆಗಾಗ ಕೇಳುತ್ತಾರೆ. ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಲ್ಲಿ ಅಂಡನಾಳಗಳನ್ನು ಮಾತ್ರ ಕಟ್ಟಲಾಗುತ್ತದೆ. ಬೆನ್ನಿನ ಮೂಳೆಯನ್ನಾಗಲಿ ಸ್ನಾಯುವನ್ನಾಗಲಿ ಮುಟ್ಟುವುದಿಲ್ಲ. ಹೆರಿಗೆಯ ಕಾಲದಲ್ಲಿ ಬೆನ್ನಿಗೆ ಹಾಕಿದ ಸೂಜಿಯ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಉಳಿಯುವ ನೋವಿಗೆ ಅದು ಕಾರಣವಲ್ಲ. ಒಂದರ ಹಿಂದೊಂದು ಬಸಿರು, ಸಡಿಲಗೊಂಡ ಹೊಟ್ಟೆಯ ಸ್ನಾಯುಗಳು, ರಕ್ತಹೀನತೆ, ಬಗ್ಗಿ ಮಾಡುವ ಬಿಡುವಿಲ್ಲದ ದುಡಿಮೆ, ಮಗುವನ್ನು ಎತ್ತಿ ಸಾಕುವ ಶ್ರಮ, ನಿದ್ರೆಯ ಕೊರತೆ ಇವೇ ಹೆಚ್ಚಿನ ಕಾರಣಗಳು. ಹಾಗೆಂದು ಆ ತಾಯಿಯ ಮಾತನ್ನು ತಳ್ಳಿಹಾಕಬಾರದು. ಕಾರಣ ಬೇರೆಯಿರಬಹುದು, ನೋವು ನಿಜ.

ಇನ್ನೊಂದು ಗಂಭೀರ ವಿಷಯವಿದೆ. ಬೆನ್ನುನೋವು, ಬಿಳಿಸೆರಗು ಎಂದು ಹೋದ ಎಷ್ಟೋ ಗ್ರಾಮೀಣ ಮಹಿಳೆಯರು ಗರ್ಭಕೋಶವನ್ನೇ ಕಳೆದುಕೊಂಡು ಬಂದಿದ್ದಾರೆ. ಸಾಮಾನ್ಯ ಬೆನ್ನುನೋವಿಗೆ ಗರ್ಭಕೋಶ ತೆಗೆಸುವುದು ಚಿಕಿತ್ಸೆಯಲ್ಲ. ಅದರೊಡನೆ ಅಂಡಾಶಯಗಳನ್ನೂ ತೆಗೆದರೆ ಎಳೆಯ ವಯಸ್ಸಿನಲ್ಲಿಯೇ ಮೂಳೆಗಳು ದುರ್ಬಲವಾಗಿ ನೋವು ಇನ್ನಷ್ಟು ಹೆಚ್ಚಬಹುದು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ 5ರಂದು ಆದೇಶಿಸಿತು. ಗರ್ಭಕೋಶ ತೆಗೆಸಬೇಕೆಂದು ಯಾರಾದರೂ ಹೇಳಿದರೆ ದಂಪತಿಗಳಿಬ್ಬರೂ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಂದ ಎರಡನೆಯ ಅಭಿಪ್ರಾಯ ಪಡೆಯದೆ ಒಪ್ಪಿಗೆ ಕೊಡಬಾರದು.

ಹಾಗಾದರೆ ಚಿಕಿತ್ಸೆ ಯಾವುದು?

ಸೊಂಟನೋವು ಜಗತ್ತಿನ ಎಲ್ಲ ದೇಶಗಳನ್ನೂ ಕಾಡುತ್ತಿರುವ ಸಮಸ್ಯೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ 61.9 ಕೋಟಿ ಜನರಿಗೆ ಅದು ಇತ್ತು. ಪ್ರಾಥಮಿಕ ಹಂತದ ವೈದ್ಯರು ಬಹುಕಾಲದ ಸೊಂಟನೋವನ್ನು ಹೇಗೆ ನೋಡಿಕೊಳ್ಳಬೇಕೆಂಬುದರ ಬಗ್ಗೆ ಈ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ರೋಗಿಗೆ ನೋವಿನ ಬಗ್ಗೆ ತಿಳಿವಳಿಕೆ, ಕ್ರಮಬದ್ಧವಾದ ವ್ಯಾಯಾಮ, ಮನಸ್ಸಿಗೆ ನೆರವಾಗುವ ಸಮಾಲೋಚನೆ, ಅಂಗಮರ್ದನದಂತಹ ಕೆಲವು ದೈಹಿಕ ಚಿಕಿತ್ಸೆಗಳು, ಅಗತ್ಯವಿದ್ದಲ್ಲಿ ನೋವಿನ ಮಾತ್ರೆ ಇವುಗಳನ್ನು ಅದು ಸೂಚಿಸಿದೆ. ಸೊಂಟಪಟ್ಟಿ, ಭಾರ ಕಟ್ಟಿ ಎಳೆಯುವುದು, ಅಫೀಮಿನ ಜಾತಿಯ ಔಷಧಗಳು ಇವು ಸಾಮಾನ್ಯವಾಗಿ ಬೇಡವೆಂದಿದೆ.

ಹಾಸಿಗೆ ಹಿಡಿದು ಮಲಗುವುದು ಔಷಧವಲ್ಲ. ನಿಂತ ಗಾಡಿಯ ಕೀಲಿಗೆ ತುಕ್ಕು ಹಿಡಿಯುವಂತೆ, ಚಲನೆಯಿಲ್ಲದ ಸ್ನಾಯುಗಳು ಸೊರಗುತ್ತವೆ. ದಿನವೂ ಸಹಿಸಬಹುದಾದಷ್ಟು ದೂರ ನಡೆಯಿರಿ. ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿರಿ. ಮಂಡಿನೋವಿರುವವರು ಕಟ್ಟೆಯ ಮೇಲೆ ಕುಳಿತು ಒಂದು ಕಾಲನ್ನು ನೆಟ್ಟಗೆ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸಬೇಕು. ಹೀಗೆ ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆರಡು ಹೊತ್ತು ಮಾಡಿದರೆ ತೊಡೆಯ ಸ್ನಾಯುಗಳು ಬಲಗೊಂಡು ಮಂಡಿಯ ಮೇಲಿನ ಭಾರ ಕಡಿಮೆಯಾಗುತ್ತದೆ. ಆರಂಭದಲ್ಲಿ ತುಸು ನೋವು ಹೆಚ್ಚಬಹುದು. ಮರುದಿನ ಬೆಳಗ್ಗೆಯೂ ಹೆಚ್ಚೇ ಇದ್ದರೆ ಪ್ರಮಾಣ ತಗ್ಗಿಸಿರಿ, ನಿಲ್ಲಿಸಬೇಡಿರಿ. ಫಲ ಕಾಣಲು ಆರರಿಂದ ಎಂಟು ವಾರಗಳು ಬೇಕು. ಬಿತ್ತಿದ ಮರುದಿನ ಯಾರೂ ಕೊಯ್ಲಿಗೆ ಹೋಗುವುದಿಲ್ಲವಷ್ಟೆ.

ಕೆಲವೊಮ್ಮೆ ವೈದ್ಯರು ಮನಸ್ಸಿನ ಕಾಯಿಲೆಗೆ ಬಳಸುವ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ರಾತ್ರಿಯ ಹೊತ್ತು ಕೊಡುವುದುಂಟು. "ನನಗೇನು ಹುಚ್ಚೇ?" ಎಂದು ನೊಂದುಕೊಳ್ಳಬೇಡಿರಿ. ಕೆರೆಯ ತೂಬನ್ನು ಇಳಿಸಿದರೆ ಕಾಲುವೆಯ ನೀರು ತಗ್ಗುವಂತೆ, ಈ ಮಾತ್ರೆಗಳು ನರಗಳಲ್ಲಿ ಹರಿಯುವ ನೋವಿನ ಸಂದೇಶವನ್ನು ತಗ್ಗಿಸುತ್ತವೆ. ನಿದ್ರೆಗೇಡು, ಸಾಲದ ಚಿಂತೆ, ಮನೆಯ ಜಗಳ ಇವು ಅದೇ ತೂಬನ್ನು ಮೇಲಕ್ಕೆತ್ತುತ್ತವೆ. ವೈದ್ಯರು ನಿಮ್ಮ ಚಿಂತೆಗಳನ್ನು ವಿಚಾರಿಸುವುದು ಈ ಕಾರಣದಿಂದಲೇ.

ಕ್ಯಾನ್ಸರಿನ ನೋವು ಬೇರೆ. ಅದಕ್ಕೆ ಮಾರ್ಫಿನ್‌ನಂತಹ ಬಲವಾದ ಔಷಧ ಅಗತ್ಯವಾಗಬಹುದು. ವೈದ್ಯರು ಬರೆದುಕೊಟ್ಟಾಗ ಹೆದರಿ ನಿಲ್ಲಿಸಬಾರದು. ಇಂತಹ ರೋಗಿಗಳಿಗೆ ಈ ಔಷಧ ಸುಲಭವಾಗಿ ದೊರೆಯಲೆಂದೇ 2014ರಲ್ಲಿ ಮಾದಕ ವಸ್ತುಗಳ ಕಾನೂನನ್ನು ತಿದ್ದುಪಡಿ ಮಾಡಲಾಯಿತು.

ಮನೆಯಲ್ಲಿ ಪತಿಪತ್ನಿಯರ ಕೆಲಸ

ನೋವು ಒಬ್ಬರದಾದರೂ ಅದರ ಭಾರ ಇಬ್ಬರ ಮೇಲೂ ಬೀಳುತ್ತದೆ. "ದಿನಾ ಇದೇ ಗೋಳು" ಎಂಬ ಒಂದು ಮಾತು ನೋವನ್ನು ಹೆಚ್ಚಿಸುತ್ತದೆ. ಹಾಗೆಯೇ "ನೀನು ಏನೂ ಮಾಡಬೇಡ, ಮಲಗಿರು" ಎಂಬ ಅತಿಯಾದ ಉಪಚಾರವೂ ಹಿತವಲ್ಲ. ಕೆಲಸವನ್ನು ಬಿಡಿಸುವುದಲ್ಲ, ಹಂಚಿಕೊಳ್ಳುವುದು ಸರಿಯಾದ ದಾರಿ. ಪತ್ನಿಗೆ ಬೆನ್ನುನೋವಿದ್ದರೆ ನೀರು ತರುವುದು, ಹುಲ್ಲಿನ ಹೊರೆ ಹೊರುವುದು ಪತಿಯ ಪಾಲಿಗೆ ಬರಲಿ. ಕಳೆ ತೆಗೆಯಲು ಉದ್ದ ಹಿಡಿಯ ಸಾಧನ ಬಳಸಲಿ. ಒಲೆಯನ್ನು ಕಟ್ಟೆಯ ಮೇಲೆ ಏರಿಸಲಿ. ಒಂದು ದೊಡ್ಡ ಹೊರೆಗೆ ಬದಲು ಎರಡು ಸಣ್ಣ ಹೊರೆಗಳಾಗಲಿ. ಪತಿಗೆ ನೋವಿದ್ದರೆ ಅದನ್ನು ಮರೆಯಲು ಮದ್ಯದ ಮೊರೆಹೋಗದಂತೆ ಪತ್ನಿ ಎಚ್ಚರಿಸಲಿ. ಮದ್ಯ ಮತ್ತು ನೋವಿನ ಮಾತ್ರೆ ಎರಡೂ ಸೇರಿದರೆ ಹೊಟ್ಟೆಗೂ ಯಕೃತ್ತಿಗೂ ಕೇಡು. ಸಂಜೆ ಇಬ್ಬರೂ ಜೊತೆಯಾಗಿ ನಡೆಯುವುದು ಖರ್ಚಿಲ್ಲದ ಔಷಧ.

ನಿಮ್ಮ ವೈದ್ಯರು ಒಂಟಿಯಲ್ಲ

ಹಳ್ಳಿಯ ವೈದ್ಯರಿಗೆ ತಜ್ಞರ ನೆರವು ದೊರಕಿಸುವ ಪ್ರಯತ್ನ ಹಿಂದಿನಿಂದಲೂ ನಡೆದಿದೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮಾನಸಿಕ ಕಾಯಿಲೆಗಳ ಚಿಕಿತ್ಸೆಯಲ್ಲಿ ತರಬೇತಿ ನೀಡಿತು. ಆ ಪ್ರಯೋಗವೇ ಮಾದರಿಯಾಗಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. 2019ರಿಂದ ಇ-ಸಂಜೀವಿನಿ ಎಂಬ ದೂರ ಚಿಕಿತ್ಸಾ ವ್ಯವಸ್ಥೆಯಿದೆ. ನಿಮ್ಮ ಊರಿನ ಸಮೀಪದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯ ಎದುರು ಕುಳಿತೇ ದೂರದ ವೈದ್ಯರೊಡನೆ ಮಾತನಾಡಬಹುದು. ವ್ಯಾಯಾಮ ಕಲಿಯಲು ಜಿಲ್ಲಾಸ್ಪತ್ರೆಯ ಭೌತಚಿಕಿತ್ಸಾ ವಿಭಾಗಕ್ಕೆ ಕಳುಹಿಸಿಕೊಡುವಂತೆ ವೈದ್ಯರನ್ನು ಕೇಳಬಹುದು. ಮನಸ್ಸು ತೀರ ಕುಗ್ಗಿದಾಗ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.

ಈ ನೆರವೆಲ್ಲ ಫಲಿಸಬೇಕಾದರೆ ಒಂದೇ ಆರೋಗ್ಯ ಕೇಂದ್ರದಲ್ಲಿ, ಒಂದೇ ಚೀಟಿಯೊಂದಿಗೆ ಚಿಕಿತ್ಸೆ ಮುಂದುವರಿಯಬೇಕು. ವಾರಕ್ಕೊಬ್ಬ ವೈದ್ಯರನ್ನು ಬದಲಾಯಿಸಿದರೆ ಪ್ರತಿಯೊಬ್ಬರೂ ಮೊದಲಿನಿಂದಲೇ ಆರಂಭಿಸಬೇಕಾಗುತ್ತದೆ.

ತಡಮಾಡದೆ ವೈದ್ಯರ ಬಳಿಗೆ ಹೋಗಬೇಕಾದ ಸಂದರ್ಭಗಳು

1. ಬೆನ್ನುನೋವಿನೊಡನೆ ಕಾಲುಗಳಲ್ಲಿ ಶಕ್ತಿ ಕುಂದಿದರೆ, ತೊಡೆಗಳ ಸಂಧಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅಥವಾ ಮೂತ್ರ ಕಟ್ಟಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

2. ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು, ಬಿಡದ ಕೆಮ್ಮು ಇದ್ದರೆ.

3. ಅಡಿಕೆ, ತೆಂಗಿನ ಮರದಿಂದ ಬಿದ್ದ ನಂತರ ನೋವು ಬಂದಿದ್ದರೆ.

4. ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ನೋವು ಬಂದರೆ.

5. ಮಲ ಕಪ್ಪಗಾದರೆ, ರಕ್ತ ವಾಂತಿಯಾದರೆ, ಮುಖ ಅಥವಾ ಕಾಲು ಊದಿಕೊಂಡರೆ.

6. ಎದೆನೋವು ಬಂದರೆ 108ಕ್ಕೆ ಕರೆ ಮಾಡಬೇಕು. ಅದು ವಾಯು ಎಂದು ಕಾಯುತ್ತ ಕೂರಬಾರದು.

ಕೊನೆಯ ಮಾತು

ಬಹುಕಾಲದ ನೋವು ಪೂರ್ತಿಯಾಗಿ ಹೋಗುತ್ತದೆಂದು ಪ್ರಾಮಾಣಿಕ ವೈದ್ಯರು ಮಾತು ಕೊಡಲಾರರು. ಹಾಗೆ ಮಾತು ಕೊಡುವವರ ಬಗ್ಗೆ ಎಚ್ಚರವಿರಲಿ. ಆದರೆ ನೋವು ತಗ್ಗಬಹುದು. ತಗ್ಗದಿದ್ದರೂ ಬದುಕು ಮತ್ತೆ ನಡೆಯಬಹುದು. ಮುಂದಿನ ಭೇಟಿಯಲ್ಲಿ ವೈದ್ಯರಿಗೆ "ನೋವು ಇನ್ನೂ ಇದೆ" ಎಂದಷ್ಟೇ ಹೇಳದೆ, "ಹೋದ ತಿಂಗಳು ಬಾವಿಯವರೆಗೆ ನಡೆಯಲಾರದವಳು ಈಗ ಹೊಲದವರೆಗೆ ನಡೆಯುತ್ತೇನೆ" ಎಂದು ಹೇಳಿರಿ. ಚಿಕಿತ್ಸೆ ಫಲಿಸುತ್ತಿದೆಯೆಂಬುದನ್ನು ವೈದ್ಯರು ಅಳೆಯುವುದು ಅಂತಹ ಮಾತಿನಿಂದ. ಅದನ್ನು ಹೇಳಬಲ್ಲವರು ನೀವಿಬ್ಬರೇ.